ಸಿಸ್ಟಮ್ ಡೈನಮಿಕ್ಸ್ ಕಾನ್ಫರೆನ್ಸ್‌ಗೆ ಕೈಯಿಂದ ದುಡ್ಡು ಹಾಕಿ ಹೋಗಬೇಕಾ? ಹೋಗಿ ಬಂದವರು ಹೇಳಿ

ದಾವಣಗೆರೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಪಾಠ ಮಾಡುತ್ತೇನೆ. ನಮ್ಮ ಕೊನೇ ವರ್ಷದ ಹುಡುಗರು ಕೋಲಾರದ ಟೊಮೇಟೊ ದರ ಯಾಕೆ ಹಾಗೆ ಏರಿ ಬೀಳುತ್ತದೆ ಅನ್ನೋದರ ಮೇಲೆ ವೆನ್‌ಸಿಮ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದು ಮಾಡೆಲ್ ಮಾಡಿದ್ದಾರೆ. ಅವರಲ್ಲೊಬ್ಬ ಮುಳಬಾಗಿಲು ಕಡೆಯವನು, ಅವನ ಹಟದಿಂದಲೇ ಈ ವಿಷಯ ತಗೊಂಡಿದ್ದು. ಚೆನ್ನಾಗಿಯೇ ಬಂದಿದೆ. ಇಂಟರ್‌ನ್ಯಾಷನಲ್ ಸಿಸ್ಟಮ್ ಡೈನಮಿಕ್ಸ್ ಕಾನ್ಫರೆನ್ಸ್‌ಗೆ ಕಳಿಸೋಣ ಅಂತ ಯೋಚನೆ. ಗೊತ್ತಿಲ್ಲದವರಿಗೆ: ಸಿಸ್ಟಮ್ ಡೈನಮಿಕ್ಸ್ ಅಂದರೆ ಯಾವುದು ಯಾವುದರ ಮೇಲೆ ಪರಿಣಾಮ ಮಾಡುತ್ತದೆ ಅಂತ ಬಾಣ ಎಳೆದು, ಸಮೀಕರಣ ಬರೆದು, ಕಾಲ ಕಳೆದಂತೆ ಏನಾಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡುವ ವಿದ್ಯೆ.

ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ, "ಇದಕ್ಕೆ ಪಾಯಿಂಟ್ಸ್ ಸಿಗುತ್ತಾ?" ಎರಡನೇದು, "ಆನ್‌ಲೈನ್ ಇಲ್ವಾ?" ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು.

ಹೋಗೋದಾದರೆ ವಿಮಾನ, ವೀಸಾ, ರಿಜಿಸ್ಟ್ರೇಷನ್ ಎಲ್ಲ ನನ್ನ ಜೇಬಿನಿಂದಲೇ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ಪೇಪರ್ ಓದಿ, ಕಾಫಿ ಕುಡಿದು, ಫೋಟೊ ತೆಗೆಸಿಕೊಂಡು ಬರೋದಾ? ಅಥವಾ ಏನಾದರೂ ಕಲಿಯೋಕೆ ಸಿಗುತ್ತಾ? ಹೋದವರು ಯಾರಾದರೂ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.

ಕಾಫಿಪುಡಿ
ಎಲ್ಲಾ ಕಾನ್ಫರೆನ್ಸೂ ಕಾಫಿ ಮತ್ತು ಫೋಟೊನೇ ಸರ್. ಬ್ಯಾಗ್ ಕೊಡ್ತಾರಾ ಕೇಳಿ.

ಬರ್ಗನ್ ಹುಡುಗಿ
ನಾನು 2024ರ ಕಾನ್ಫರೆನ್ಸ್‌ಗೆ ಹೋಗಿದ್ದೆ. ಹೋಗಿದ್ದೆ ಅನ್ನೋದಕ್ಕಿಂತ ಅಲ್ಲೇ ಇದ್ದೆ. ಆ ವರ್ಷ ಅದು ನಾರ್ವೆಯ ಬರ್ಗನ್‌ನಲ್ಲಿ ನಡೆಯಿತು, ನಾನು ಅಲ್ಲಿನ ಯೂನಿವರ್ಸಿಟಿಯಲ್ಲೇ ಸಿಸ್ಟಮ್ ಡೈನಮಿಕ್ಸ್ ಮಾಸ್ಟರ್ಸ್ ಓದುತ್ತಿದ್ದೆ. ಹಾಗಾಗಿ ನನಗೆ ವಿಮಾನದ ಖರ್ಚಿಲ್ಲ, ನನ್ನ ಮಾತನ್ನು ಸ್ವಲ್ಪ ಕಮ್ಮಿ ಮಾಡಿಕೊಂಡೇ ಓದಿ.

ಮುಖ್ಯ ಭಾಷಣಗಳು, ಒಂದೇ ಸಮಯಕ್ಕೆ ನಾಲ್ಕೈದು ರೂಮಿನಲ್ಲಿ ನಡೆಯುವ ಪೇಪರ್ ಸೆಷನ್‌ಗಳು, ಪೋಸ್ಟರ್‌ಗಳು, ಇವೆಲ್ಲ ಬೇರೆ ಕಡೆ ಇದ್ದ ಹಾಗೇ. ಇದಕ್ಕಾಗಿ ಯಾರೂ ಸಾಲ ಮಾಡಿ ಹೋಗಬೇಕಾಗಿಲ್ಲ. ಹಳೇ ಕಾನ್ಫರೆನ್ಸ್‌ಗಳ ಪೇಪರ್‌ಗಳನ್ನು ಅದನ್ನು ನಡೆಸುವ ಸಿಸ್ಟಮ್ ಡೈನಮಿಕ್ಸ್ ಸೊಸೈಟಿಯವರು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ, ಮನೆಯಲ್ಲೇ ಕೂತು ಓದಬಹುದು.

ಹೋಗಬೇಕಾದ್ದು ಎರಡಕ್ಕೆ. ಒಂದು, ವಿದ್ಯಾರ್ಥಿಗಳಿಗೆ ಅಂತಲೇ ಇರುವ ಕೊಲೊಕ್ವಿಯಮ್, ಅಂದರೆ ಗೋಷ್ಠಿ. ಎರಡನೇದು, ಮಾಡೆಲಿಂಗ್ ಅಸಿಸ್ಟೆನ್ಸ್ ವರ್ಕ್‌ಶಾಪ್. ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಅರ್ಧಂಬರ್ಧ ಮಾಡೆಲ್ ತಗೊಂಡು ಹೋದರೆ, ಹತ್ತಾರು ವರ್ಷ ಇದೇ ಕೆಲಸ ಮಾಡಿದವರು ಪಕ್ಕದಲ್ಲಿ ಕೂರುತ್ತಾರೆ. ನನ್ನ ಪಕ್ಕದ ಟೇಬಲ್‌ನಲ್ಲಿ ಒಬ್ಬ ಹುಡುಗ ಇಡೀ ಸ್ಕ್ರೀನ್ ತುಂಬ ಬಾಣಗಳಿರುವ ಮಾಡೆಲ್ ತೆರೆದ. ಎದುರಿಗಿದ್ದ ಹಿರಿಯರು ಅದನ್ನು ನೋಡಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಸಿ ಒಂದು ಹಾಳೆ ಕೊಟ್ಟು, "ಯಾವುದು ಏರಿ ಇಳಿಯುತ್ತಿದೆಯೋ ಅದರ ಗ್ರಾಫ್ ಮೊದಲು ಬಿಡಿಸು" ಅಂದರು. ಅವನಿಗೆ ಬಿಡಿಸೋಕೆ ಬರಲಿಲ್ಲ. ಸಮಸ್ಯೆ ಏನು ಅಂತಲೇ ತೀರ್ಮಾನ ಆಗಿರಲಿಲ್ಲ, ಮಾಡೆಲ್ ಮಾತ್ರ ರೆಡಿ! ಅರ್ಧ ಗಂಟೆ ಬರೀ ಆ ಒಂದು ಗೆರೆಯ ಮೇಲೇ ಮಾತು ನಡೆಯಿತು. ಅದು ಯಾವ ಪೇಪರ್‌ನಲ್ಲೂ ಸಿಗಲ್ಲ.

ಆನ್‌ಲೈನ್ ಸೇರೋಕೂ ಅವಕಾಶ ಇರುತ್ತದೆ, ಕೊರೊನಾ ನಂತರ ಎರಡೂ ಥರ ನಡೆಸುತ್ತಿದ್ದಾರೆ. ಪ್ರಿನ್ಸಿಪಾಲರಿಗೆ ಅದನ್ನು ಹೇಳಿ, ಫೀಸ್ ಆದರೂ ಕೊಡಬಹುದು.

ಆಗುಂಬೆ ಮಳೆ
ಬರ್ಗನ್ ಅಂದ್ರೆ ಯುರೋಪಿನಲ್ಲಿ ಜಾಸ್ತಿ ಮಳೆ ಬರೋ ಊರು ಅಂತಾರಲ್ಲ ಅದೇನಾ? ಎಷ್ಟು ಬರುತ್ತೆ?

ಬರ್ಗನ್ ಹುಡುಗಿ
ವರ್ಷಕ್ಕೆ 2,000 ಮಿ.ಮೀ. ಮೇಲೆ.

ಆಗುಂಬೆ ಮಳೆ
ಅಷ್ಟೇನಾ! ನಮಗೆ ಜುಲೈ ಒಂದೇ ತಿಂಗಳು ಸಾಕು.

ಖಡಕ್ ಮಾತು
ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಇವರೇ ಅಲ್ವಾ 1972ರಲ್ಲಿ "ಲಿಮಿಟ್ಸ್ ಟು ಗ್ರೋತ್" ಅಂತ ಪುಸ್ತಕ ಬರೆದು ಜಗತ್ತು ಮುಳುಗುತ್ತದೆ ಅಂದವರು? ಚಿನ್ನ 11 ವರ್ಷದಲ್ಲಿ ಖಾಲಿ ಅಂದಿದ್ದರು. ಚಿನ್ನ ಖಾಲಿ ಆಗಿದ್ದು ನಮ್ಮ ಜೇಬಿಗೆ ಮಾತ್ರ. ಐವತ್ತು ವರ್ಷ ಆದ ಮೇಲೂ ಅದೇ ಜನ ಅದೇ ಬಾಣ ಬಿಡುತ್ತಾ ವರ್ಷಕ್ಕೊಮ್ಮೆ ಸೇರುತ್ತಾರೆ. ಜ್ಯೋತಿಷಿಗಳ ಸಮ್ಮೇಳನಕ್ಕೂ ಇದಕ್ಕೂ ಏನು ವ್ಯತ್ಯಾಸ? ಜ್ಯೋತಿಷಿ ಆದರೆ ಪರಿಹಾರಕ್ಕೆ ಒಂದು ಹೋಮನಾದರೂ ಹೇಳ್ತಾನೆ.

ಇಳಾ
@ಖಡಕ್ ಮಾತು, ಈ ಚಿನ್ನದ ಕತೆ ಎಷ್ಟು ಸಲ ಕೇಳಿದ್ದೇನೋ. ಆ 11 ಅನ್ನೋ ಅಂಕಿ ಪುಸ್ತಕದಲ್ಲಿ ಇದೆ, ನಿಜ. ಆದರೆ ಅದು ಒಂದು ಕೋಷ್ಟಕದಲ್ಲಿ ಇರುವುದು: ಆಗ ಗೊತ್ತಿದ್ದ ನಿಕ್ಷೇಪವನ್ನು ಆಗಿನ ವರ್ಷದ ಬಳಕೆಯಿಂದ ಭಾಗಿಸಿದ ಲೆಕ್ಕ. ಅದೇ ಕೋಷ್ಟಕದಲ್ಲಿ ಪಕ್ಕದ ಕಾಲಮ್‌ನಲ್ಲಿ ನಿಕ್ಷೇಪ ಐದು ಪಟ್ಟು ಇದ್ದರೆ ಎಷ್ಟು ವರ್ಷ ಅಂತಲೂ ಕೊಟ್ಟಿದ್ದಾರೆ. ಭವಿಷ್ಯವಾಣಿ ಅಲ್ಲ ಅದು.

ಆ ಪುಸ್ತಕದ ಹಿಂದಿದ್ದ ವರ್ಲ್ಡ್3 ಅನ್ನೋ ಕಂಪ್ಯೂಟರ್ ಮಾಡೆಲ್ ಒಂದೇ ಉತ್ತರ ಕೊಡಲಿಲ್ಲ. ಹೀಗೆ ಮಾಡಿದರೆ ಹೀಗಾಗುತ್ತದೆ, ಹಾಗೆ ಮಾಡಿದರೆ ಹಾಗಾಗುತ್ತದೆ ಅಂತ ಹಲವು ಸಾಧ್ಯತೆ ಕೊಟ್ಟಿತು. ಏನೂ ಬದಲಾಯಿಸದೆ ಹೋದರೆ ಕುಸಿತ ಶುರುವಾಗೋದು ಈ ಶತಮಾನದಲ್ಲಿ, 1980ರಲ್ಲಿ ಅಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಟರ್ನರ್ ಅನ್ನುವವರು ಮೂವತ್ತು ವರ್ಷದ ನಿಜವಾದ ಅಂಕಿಅಂಶ ಇಟ್ಟುಕೊಂಡು ಹೋಲಿಸಿದರು, 2021ರಲ್ಲಿ ಗಯಾ ಹೆರಿಂಗ್ಟನ್ ಮತ್ತೆ ಹೋಲಿಸಿದರು. ಗೆರೆಗಳು ಅಷ್ಟೇನೂ ದೂರ ಹೋಗಿಲ್ಲ ಅಂತಲೇ ಇಬ್ಬರ ಮಾತು. ಪುಸ್ತಕ ಓದಿ ಬಯ್ಯಿರಿ, ಬೇಡ ಅನ್ನಲ್ಲ.

ಖಡಕ್ ಮಾತು
"ಹೀಗೂ ಆಗಬಹುದು, ಹಾಗೂ ಆಗಬಹುದು" ಅಂದರೆ ಯಾವಾಗಲೂ ಸರಿಯೇ ಅಲ್ವಾ ಇಳಾ ಅವರೇ. ನಮ್ಮೂರಿನ ಹವಾಮಾನ ವರದಿ ಥರ. ತಪ್ಪಾಗೋಕೆ ಜಾಗವೇ ಇಲ್ಲ.

ಇಳಾ
ತಪ್ಪಾಗೋಕೆ ಜಾಗ ಇದೆ. ಸಂಪನ್ಮೂಲ ದುಪ್ಪಟ್ಟು ಮಾಡಿ ಓಡಿಸಿದಾಗ ಕುಸಿತ ತಪ್ಪಲಿಲ್ಲ, ಮಾಲಿನ್ಯದಿಂದ ಬಂತು. ಇದು ತಪ್ಪು ಅಂತ ತೋರಿಸಬೇಕಾದರೆ ಮಾಲಿನ್ಯದ ಸಮೀಕರಣ ಎಲ್ಲಿ ತಪ್ಪಿದೆ ಅಂತ ತೋರಿಸಬೇಕು. ಸಮೀಕರಣ ಬಹಿರಂಗ ಇದೆ. ಜ್ಯೋತಿಷಿ ತನ್ನ ಸಮೀಕರಣ ಕೊಡ್ತಾನಾ?

ಪೀಣ್ಯ ಪ್ಲಾನಿಂಗ್
ಜಗತ್ತು ಮುಳುಗೋದು ಪಕ್ಕಕ್ಕಿಡಿ. ಈ ವಿದ್ಯೆ ಹುಟ್ಟಿದ್ದು ಫ್ಯಾಕ್ಟರಿಯಲ್ಲಿ, ಅದನ್ನು ಯಾರೂ ಹೇಳ್ತಾ ಇಲ್ಲ.

ಇದನ್ನು ಹುಟ್ಟುಹಾಕಿದ ಜೇ ಫಾರೆಸ್ಟರ್ ಮೂಲತಃ ಎಲೆಕ್ಟ್ರಿಕಲ್ ಇಂಜಿನಿಯರ್. ನೆಬ್ರಾಸ್ಕಾದ ದನ ಸಾಕುವ ಮನೆಯವರು. ಅಮೆರಿಕದ ಎಂಐಟಿ ಯೂನಿವರ್ಸಿಟಿಯಲ್ಲಿ ವರ್ಲ್‌ವಿಂಡ್ ಕಂಪ್ಯೂಟರ್ ಕಟ್ಟಿದವರು. 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಸ್ಕೂಲಿಗೆ ಬಂದರು. ಆಗ ಜನರಲ್ ಎಲೆಕ್ಟ್ರಿಕ್‌ನವರಿಗೆ ಒಂದು ತಲೆನೋವಿತ್ತು. ಕೆಂಟಕಿಯಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾಡುವ ಅವರ ಪ್ಲಾಂಟ್‌ಗಳಲ್ಲಿ ಕೆಲವೊಮ್ಮೆ ಮೂರು ಶಿಫ್ಟ್ ಓಡಿಸಬೇಕು, ಎರಡು ಮೂರು ವರ್ಷ ಆದ ಮೇಲೆ ಅರ್ಧ ಜನರನ್ನು ಮನೆಗೆ ಕಳಿಸಬೇಕು. ಮಾರುಕಟ್ಟೆ ಏರಿಳಿತ ಅಂತ ಎಲ್ಲರೂ ಹೇಳುತ್ತಿದ್ದರು. ಫಾರೆಸ್ಟರ್ ಅವರು ಪ್ಲಾಂಟ್‌ನವರು ಹೇಗೆ ಆರ್ಡರ್ ಮಾಡ್ತಾರೆ, ಹೇಗೆ ಜನ ತಗೊಳ್ತಾರೆ ಅಂತ ಕೇಳಿ, ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ವಾರ ವಾರ ಲೆಕ್ಕ ಹಾಕುತ್ತಾ ಹೋದರು. ಗಿರಾಕಿಗಳ ಬೇಡಿಕೆ ಒಂದೇ ಸಮ ಇದ್ದರೂ ಏರಿಳಿತ ಬರುತ್ತದೆ ಅಂತ ಗೊತ್ತಾಯಿತು. ರೋಗ ಒಳಗೇ ಇತ್ತು.

ಇದನ್ನು ಕೈಯಾರೆ ಅನುಭವಿಸಬೇಕಾದರೆ ಬಿಯರ್ ಗೇಮ್ ಆಡಿ. ನಮ್ಮ ಕಂಪನಿಯಲ್ಲಿ ಒಂದು ಸಲ ಟ್ರೇನಿಂಗ್‌ನಲ್ಲಿ ಆಡಿಸಿದರು. ಎಚ್‌ಆರ್‌ನವರು ಬಿಯರ್ ಅನ್ನೋದನ್ನು ಹೊಡೆದುಹಾಕಿ ಜ್ಯೂಸ್ ಅಂತ ಮಾಡಿದ್ದರು, ಅದು ಬೇರೆ ವಿಷಯ. ಉದ್ದ ಟೇಬಲ್. ಅಂಗಡಿಯವನು, ಹೋಲ್‌ಸೇಲರ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ, ನಾಲ್ಕು ಜಾಗ. ಮಾತಾಡುವ ಹಾಗಿಲ್ಲ. ಆರ್ಡರ್ ಚೀಟಿ ಬೋರಲು ಮಡಗಿ ಪಕ್ಕದವನಿಗೆ ತಳ್ಳಬೇಕು. ಚೀಟಿ ಹೋಗೋಕೆ ಎರಡು ವಾರ, ಮಾಲು ಬರೋಕೆ ಎರಡು ವಾರ. ಒಂದು ಕೇಸ್ ಸ್ಟಾಕ್ ಇದ್ದರೆ ವಾರಕ್ಕೆ ಅರ್ಧ ಡಾಲರ್ ಖರ್ಚು, ಕೊಡಬೇಕಾದ ಮಾಲು ಬಾಕಿ ಬಿದ್ದರೆ ಒಂದು ಡಾಲರ್. ನಾನು ಹೋಲ್‌ಸೇಲರ್. ಮಾಲು ಬರಲಿಲ್ಲ ಅಂತ 12 ಬರೆದೆ, ಆಮೇಲೆ 20, ಆಮೇಲೆ ಸಿಟ್ಟಿಗೆ 40. ಸ್ವಲ್ಪ ವಾರ ಆದ ಮೇಲೆ ಒಂದೇ ಸಲ ಬಂದು ಬಿದ್ದಿತು ನೋಡಿ, ಟೇಬಲ್ ಮೇಲೆ ಮಾಲಿನ ಲೆಕ್ಕದ ಬಿಲ್ಲೆ ಇಡೋಕೆ ಜಾಗ ಇಲ್ಲ! ಫ್ಯಾಕ್ಟರಿ ಜಾಗದಲ್ಲಿದ್ದ ನಮ್ಮ ಪರ್ಚೇಸ್ ಮ್ಯಾನೇಜರ್ ನನ್ನನ್ನು ಗುರಾಯಿಸುತ್ತಿದ್ದರು.

ಕೊನೆಯಲ್ಲಿ ಗಿರಾಕಿಗಳ ಬೇಡಿಕೆ ಹೇಗಿತ್ತು ಅಂತ ಊಹಿಸಿ ಬರೆಯಿರಿ ಅಂದರು. ಎಲ್ಲರೂ ದೊಡ್ಡ ಬೆಟ್ಟ, ದೊಡ್ಡ ಕಣಿವೆ ಬರೆದರು. ನಿಜವಾದ ಬೇಡಿಕೆ? ಮೊದಲು ವಾರಕ್ಕೆ 4, ಐದನೇ ವಾರದಿಂದ 8, ಕೊನೆವರೆಗೂ 8. ಅಷ್ಟೇ. ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಬರೆದ ಪೇಪರ್‌ನಲ್ಲಿ ಲೆಕ್ಕ ಇದೆ, ಸರಿಯಾಗಿ ಆಡಿದರೆ ಒಂದು ತಂಡದ ಖರ್ಚು ಸುಮಾರು 200 ಡಾಲರ್‌ಗೆ ಮುಗಿಯುತ್ತದೆ, ಜನ ಆಡಿದಾಗ ಸರಾಸರಿ 2,000. ಹತ್ತು ಪಟ್ಟು!

ಕಾಫಿಪುಡಿ
ಜ್ಯೂಸ್ ಬದಲು ನಿಜವಾದ ಬಿಯರ್ ಇಟ್ಟಿದ್ದರೆ ಸ್ಟಾಕ್ ಸಮಸ್ಯೆ ಬರ್ತಾನೇ ಇರಲಿಲ್ಲ.

ಮುಳಬಾಗಿಲು ರೈತ
ಟೊಮೇಟೊ ಅಂತ ಕಂಡಿತು, ಅದಕ್ಕೆ ಬಂದೆ. ಮೇಷ್ಟ್ರೇ, ನಿಮ್ಮ ಹುಡುಗರ ಮಾಡೆಲ್‌ನಲ್ಲಿ ಏನಿದೆ ಸ್ವಲ್ಪ ಹೇಳಿ. ಕೋಲಾರದ ಹೆಸರು ಹೇಳಿಕೊಂಡು ಯಾರ್ಯಾರೋ ಏನೇನೋ ಮಾಡ್ತಾರೆ.

ದಾವಣಗೆರೆ ಮೇಷ್ಟ್ರು
ಹೇಳ್ತೀನಿ ಸರ್. ಸರಳವಾಗಿ ಹೇಳೋದಾದರೆ ದರ ಜಾಸ್ತಿ ಆದಾಗ ರೈತರು ಜಾಸ್ತಿ ನಾಟಿ ಮಾಡ್ತಾರೆ. ಬೆಳೆ ಬರೋಕೆ ಎರಡು ಎರಡೂವರೆ ತಿಂಗಳು. ಅಷ್ಟರಲ್ಲಿ ಎಲ್ಲರದ್ದೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತದೆ, ದರ ಬೀಳುತ್ತದೆ. ಆಗ ನಾಟಿ ಕಮ್ಮಿ, ಮತ್ತೆ ದರ ಏರುತ್ತದೆ. ತಡವಾಗಿ ಬರುವ ಬೆಳೆಯೇ ಈ ಏರಿಳಿತಕ್ಕೆ ಕಾರಣ ಅಂತ ನಮ್ಮ ವಾದ. ಇದೇ ಥರದ ಮಾಡೆಲ್ ಹಂದಿ ಸಾಕಣೆಗೆ ಡೆನಿಸ್ ಮೆಡೋಸ್ 1970ರಲ್ಲೇ ಮಾಡಿದ್ದರು.

ಮುಳಬಾಗಿಲು ರೈತ
ಹಂದಿಗೆ ಸರಿ ಹೋಗಬಹುದು. ನಮಗೆ ಅರ್ಧ ಸರಿ.

2023ರ ಜುಲೈನಲ್ಲಿ ನಮ್ಮ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ದೇಶ ಪೂರ್ತಿ ಟಿವಿಯವರು ಬಂದಿದ್ದರು. ಅದು ನಾಟಿ ಕಮ್ಮಿ ಆಗಿ ಮಾತ್ರ ಬಂದ ರೇಟ್ ಅಲ್ಲ. ಎಲೆ ಮುದುರು ರೋಗ ಬಂದು ತೋಟಕ್ಕೆ ತೋಟವೇ ಹೋಗಿತ್ತು. ನಾಟಿ ಮಾಡಿದವರಿದ್ದರು, ಹಣ್ಣಿರಲಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಆ ರೋಗ ಹರಡೋ ಬಿಳಿ ನೊಣ ಇದೆಯಾ?

ಆಮೇಲೆ ಸೆಪ್ಟೆಂಬರ್ ಹೊತ್ತಿಗೆ ರೇಟ್ ನೆಲ ಕಚ್ಚಿತು. ಅದು ನಿಮ್ಮ ಲೆಕ್ಕದ ಪ್ರಕಾರವೇ ಆಯಿತು, ಒಪ್ತೀನಿ. ಜುಲೈನಲ್ಲಿ ನರ್ಸರಿ ಮುಂದೆ ಕ್ಯೂ ನಿಂತಿದ್ದರು ಜನ. ಆದರೆ ಇನ್ನೊಂದಿದೆ. ನಮ್ಮ ರೇಟ್ ಇಲ್ಲಿನ ನಾಟಿಯಿಂದ ಮಾತ್ರ ನಿರ್ಧಾರ ಆಗಲ್ಲ. ಮದನಪಲ್ಲಿಯಲ್ಲಿ ಹೇಗಿದೆ, ನಾಸಿಕ್ ಕಡೆ ಮಾಲು ಬಂತಾ, ಅಲ್ಲಿ ಮಳೆಯಾಯಿತಾ, ಅದರ ಮೇಲಿದೆ. ಬೆಳಗ್ಗೆ ಹೊತ್ತು ಮಂಡಿಯಲ್ಲಿ ನಿಂತರೆ ಗೊತ್ತಾಗುತ್ತದೆ, ಹೊರ ರಾಜ್ಯದ ಲಾರಿ ಎಷ್ಟು ನಿಂತಿವೆ ಅಂತ ನೋಡಿಯೇ ರೇಟ್ ಹೇಳಬಹುದು.

ದಾವಣಗೆರೆ ಮೇಷ್ಟ್ರು
ಇದು ಬಹಳ ಉಪಯೋಗ ಸರ್. ರೋಗವನ್ನು ಹೊರಗಿನ ಆಘಾತ ಅಂತ ಇಟ್ಟಿದ್ದೇವೆ. ಲಾರಿ ಲೆಕ್ಕ ಇಲ್ಲ.

ಅಡಿಕೆ ಭಟ್ಟ
ಎರಡೂವರೆ ತಿಂಗಳಿಗೇ ಇಷ್ಟು ಒದ್ದಾಡಿದರೆ ನಮ್ಮದು ಕೇಳಿ. ಅಡಿಕೆ ಸಸಿ ನೆಟ್ಟರೆ ಫಲ ಬರೋಕೆ ಐದಾರು ವರ್ಷ. 2021ರಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ್ದೇ ತಡ, ಭದ್ರಾ ನಾಲೆ ನೀರಿರುವ ಕಡೆ ಗದ್ದೆಯೆಲ್ಲ ತೋಟವಾಯಿತು. ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ, ಎಲ್ಲಿ ನೋಡಿದರೂ ಅಡಿಕೆ. ಆ ಗಿಡಗಳೆಲ್ಲ ಫಲಕ್ಕೆ ಬರೋದು ಈಗ. ಮಲೆನಾಡಿನಲ್ಲಿ ನಾವು ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆಯುತ್ತಾ ಕೂತಿದ್ದೇವೆ. ಮೇಷ್ಟ್ರು ನಿಮ್ಮ ಊರಿನದ್ದೇ ಸಮಸ್ಯೆ ಬಿಟ್ಟು ಕೋಲಾರಕ್ಕೆ ಯಾಕೆ ಹೋದಿರಿ?

ಖಡಕ್ ಮಾತು
ಹತ್ತು ವರ್ಷದಿಂದ "ಇನ್ನೇನು ಅಡಿಕೆ ಬಿತ್ತು" ಅಂತ ಹೇಳ್ತಾನೇ ಇದ್ದಾರೆ. ಬಿದ್ದಿಲ್ಲ. ಮಾಡೆಲ್‌ನವರೂ ಹಾಗೇ.

ಅಡಿಕೆ ಭಟ್ಟ
ಆಮದು ಸುಂಕ ಇದೆ, ಗುಟ್ಕಾ ಇದೆ, ಅದಕ್ಕೆ ನಿಂತಿದೆ. ಸುಂಕ ತೆಗೆದು ನೋಡಿ ಮಾರಾಯ್ರೆ.

ಶಾಲೆ ಅಕ್ಕೋರು
ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ. ಈ ವಿದ್ಯೆಯನ್ನು ಅಮೆರಿಕದಲ್ಲಿ ಶಾಲೆ ಮಕ್ಕಳಿಗೂ ಹೇಳಿಕೊಡ್ತಾರೆ ಅಂತ ಯಾರಾದರೂ ಹೇಳ್ತಾರಾ ಅಂತ ಕಾಯ್ತಾ ಇದ್ದೆ. ಅರಿಜೋನಾದ ಟೂಸಾನ್‌ನಲ್ಲಿ ಆರೆಂಜ್ ಗ್ರೋವ್ ಅನ್ನೋ ಮಿಡಲ್ ಸ್ಕೂಲಿನಲ್ಲಿ 1980ರ ದಶಕದ ಕೊನೆಗೆ ಶುರುವಾಯಿತು. ಎಂಐಟಿಯಲ್ಲಿ ಡೀನ್ ಆಗಿ ರಿಟೈರ್ ಆಗಿದ್ದ ಗಾರ್ಡನ್ ಬ್ರೌನ್ ಅನ್ನುವವರು ಆ ಊರಲ್ಲಿದ್ದರು. ಅಲ್ಲಿನ ಬಯಾಲಜಿ ಮೇಷ್ಟ್ರಿಗೆ ಮಾಡೆಲ್ ಮಾಡುವ ಸ್ಟೆಲ್ಲಾ ಸಾಫ್ಟ್‌ವೇರ್ ಕೊಟ್ಟು, ನೋಡಿ ಹೇಳಿ ಅಂದರಂತೆ. ಆಮೇಲೆ ಕ್ರಿಯೇಟಿವ್ ಲರ್ನಿಂಗ್ ಎಕ್ಸ್‌ಚೇಂಜ್ ಅಂತ ಒಂದು ಸಂಸ್ಥೆ ಹುಟ್ಟಿಕೊಂಡು, ಶಾಲೆ ಮೇಷ್ಟ್ರುಗಳಿಗೆ ಅಂತಲೇ ಸಿಸ್ಟಮ್ಸ್ ಥಿಂಕಿಂಗ್, ಡೈನಮಿಕ್ ಮಾಡೆಲಿಂಗ್ ಕಾನ್ಫರೆನ್ಸ್ ನಡೆಸಿತು. ಪಾಠಗಳನ್ನು ಪುಕ್ಕಟೆ ಹಾಕಿದ್ದಾರೆ. ಅದರಲ್ಲಿ ದಾಳ ಉರುಳಿಸಿ ಮ್ಯಾಮತ್ ಆನೆಗಳು ಹೇಗೆ ಅಳಿದವು ಅಂತ ಗ್ರಾಫ್ ಬಿಡಿಸುವ ಆಟ ಒಂದಿದೆ.

ನಮ್ಮಲ್ಲಿ ಅಷ್ಟು ದಾಳ ಎಲ್ಲಿಂದ ತರಲಿ? ಮಕ್ಕಳು ಮನೆಯಿಂದ ಚೌಕಾಬಾರದ ಕವಡೆ ತಂದರು. ಒಂದು ರಾಶಿ ಕವಡೆ ಎಸೆಯೋದು, ಬಾಯಿ ಮೇಲಾಗಿ ಬಿದ್ದದ್ದನ್ನು ತೆಗೆದಿಡೋದು, ಉಳಿದದ್ದನ್ನು ಎಣಿಸಿ ಬೋರ್ಡ್ ಮೇಲೆ ಚುಕ್ಕೆ ಇಡೋದು, ಮತ್ತೆ ಎಸೆಯೋದು. ಚುಕ್ಕೆಗಳು ಮೊದಲು ಧಡಕ್ ಅಂತ ಇಳಿದು, ಆಮೇಲೆ ನಿಧಾನ. "ಮಿಸ್, ಮೊದಲು ಜಾಸ್ತಿ ಹೋಯ್ತು, ಈಗ ಯಾಕೆ ಕಮ್ಮಿ ಹೋಗ್ತಿದೆ?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಪಕ್ಕದವನು, "ಇರೋದೇ ಕಮ್ಮಿ ಕಣೇ" ಅಂದ. ಇಷ್ಟು ಸಾಕಲ್ವಾ? ಪಿಯುಸಿಯಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಬಂದಾಗ ಆ ಹುಡುಗ ಹೆದರಲ್ಲ. ಕವಡೆ ಸರಿಯಾಗಿ ಅರ್ಧಕ್ಕರ್ಧ ಬೀಳಲ್ಲ ಅನ್ನೋದರ ಮೇಲೆ ಇನ್ನೊಂದು ಪೀರಿಯಡ್ ಜಗಳ ನಡೆಯಿತು, ಅದೂ ಪಾಠವೇ.

ಬರ್ಗನ್ ಹುಡುಗಿ
ಅಕ್ಕೋರೇ, ಇದನ್ನು ದಯವಿಟ್ಟು ಬರೆದು ಕಳಿಸಿ. ಕಾನ್ಫರೆನ್ಸ್‌ನಲ್ಲಿ ಶಿಕ್ಷಣದ ಮೇಲೆ ಬೇರೆಯೇ ಸೆಷನ್ ಇರುತ್ತದೆ. ಕವಡೆ ಆಟ ನೋಡಿದರೆ ಅಲ್ಲಿನವರು ಕುಣಿದಾಡ್ತಾರೆ.

ಶಾಲೆ ಅಕ್ಕೋರು
ಇಂಗ್ಲಿಷ್‌ನಲ್ಲಿ ಬರೆಯಬೇಕಲ್ಲಮ್ಮ. ಜೊತೆಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ನಮ್ಮ ತಲೆ ಮೇಲೇ ಇದೆ.

ತರ್ಕ
ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿದೆ. ಸಿಸ್ಟಮ್ಸ್ ಥಿಂಕಿಂಗ್ ಅಂತ ಕಾರ್ಪೊರೇಟ್ ವರ್ಕ್‌ಶಾಪ್‌ಗಳಲ್ಲಿ ನಡೆಯೋದು ಬರೀ ಬಾಣಗಳ ಚಿತ್ರ. ಗೋಡೆ ತುಂಬ ಹಳದಿ ಚೀಟಿ ಅಂಟಿಸಿ, ಸುತ್ತ ಬಾಣ ಎಳೆದು, ಎಲ್ಲವೂ ಎಲ್ಲಕ್ಕೂ ಸಂಬಂಧ ಇದೆ ಅಂತ ಹೇಳಿ ಊಟಕ್ಕೆ ಹೋಗೋದು. ಡೈನಮಿಕ್ ಮಾಡೆಲಿಂಗ್ ಅಂದರೆ ಸಮೀಕರಣ ಬರೆಯಬೇಕು, ಯೂನಿಟ್ ಸರಿ ಇರಬೇಕು, ಓಡಿಸಿ ನೋಡಬೇಕು. ಚಿತ್ರ ನೋಡಿ ಏನಾಗುತ್ತದೆ ಅಂತ ಹೇಳೋದು ಮನುಷ್ಯರಿಂದ ಆಗಲ್ಲ. ಫಾರೆಸ್ಟರ್ 1994ರ ಒಂದು ಲೇಖನದಲ್ಲಿ ಇದನ್ನು ಕಟುವಾಗಿಯೇ ಬರೆದಿದ್ದಾರೆ. ಕಾನ್ಫರೆನ್ಸ್‌ನಲ್ಲಿ ಎರಡೂ ಪಂಗಡದವರು ಇರುತ್ತಾರೆ. ಮೇಷ್ಟ್ರೇ, ಕನ್ಸಲ್ಟೆಂಟ್‌ಗಳ ಸೆಷನ್‌ನಲ್ಲಿ ಕೂತು ಟೈಮ್ ಹಾಳು ಮಾಡಿಕೊಳ್ಳಬೇಡಿ.

ಪೀಣ್ಯ ಪ್ಲಾನಿಂಗ್
ಬಾಣದ ಚಿತ್ರಕ್ಕೂ ಉಪಯೋಗ ಇದೆ ಸ್ವಾಮಿ. ನಮ್ಮ ಸೇಲ್ಸ್‌ನವರನ್ನೂ ಸ್ಟೋರ್ಸ್‌ನವರನ್ನೂ ಒಂದೇ ರೂಮಿನಲ್ಲಿ ಕೂರಿಸಿದ್ದು ಆ ಹಳದಿ ಚೀಟಿಯೇ. ಸಮೀಕರಣ ಬರೆದಿದ್ದರೆ ಯಾರೂ ಬರ್ತಿರಲಿಲ್ಲ.

ತರ್ಕ
ಕೂರಿಸಿದ ಮೇಲೆ ಇನ್ವೆಂಟರಿ ಇಳಿಯಿತಾ?

ಪೀಣ್ಯ ಪ್ಲಾನಿಂಗ್
ಇಳಿಯಿತು. ಚೀಟಿಯಿಂದ ಇಳಿಯಿತಾ, ಆರ್ಡರ್ ಕಮ್ಮಿ ಆಗಿದ್ದರಿಂದ ಇಳಿಯಿತಾ ಅಂತ ಕೇಳಬೇಡಿ.

ತರ್ಕ
ಅದನ್ನೇ ಕೇಳೋಕೆ ಮಾಡೆಲ್ ಬೇಕು ಅಂದಿದ್ದು.

ಹೆಸರಘಟ್ಟ
ಬಾಣ, ಸಮೀಕರಣ ಜಗಳದ ಮಧ್ಯೆ ನೀರಿನ ವಿಷಯ ಒಂದು ಹೇಳಿಬಿಡ್ತೀನಿ. ಅರ್ಕಾವತಿ ನದಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ 1933ರದ್ದು, ಬೆಂಗಳೂರಿಗೆ ನೀರು ಕೊಡುತ್ತಿತ್ತು. ಆಮೇಲಾಮೇಲೆ ಒಳಹರಿವು ನಿಂತೇ ಹೋಯಿತು. ಮಳೆ ಕಮ್ಮಿ ಆಯಿತು ಅಂತ ನಮ್ಮೂರಲ್ಲಿ ಎಲ್ಲರ ಮಾತು. ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರು ಒಂದೊಂದೇ ಕಾರಣ ಹಿಡಿದು ಪರೀಕ್ಷೆ ಮಾಡಿದರು. ಮಳೆ ಹಾಗೇನೂ ಇಳಿದಿಲ್ಲ. ಬೋರ್‌ವೆಲ್‌ಗಳು ಅಂತರ್ಜಲವನ್ನು ಎಳೆದು, ನೀಲಗಿರಿ ತೋಪುಗಳು ಕುಡಿದು, ನದಿಗೆ ಬರಬೇಕಾದ ನೀರು ನೆಲದಲ್ಲೇ ಹೋಗಿತ್ತು.

ತೊಟ್ಟಿಗೆ ನೀರು ಬರೋದಕ್ಕಿಂತ ಜಾಸ್ತಿ ಹೊರಗೆ ಹೋದರೆ ಮಟ್ಟ ಇಳಿಯುತ್ತದೆ. ಇಷ್ಟು ಸರಳ. ಆದರೂ ಬೂತ್ ಸ್ವೀನಿ ಅನ್ನೋ ಸಂಶೋಧಕಿ, ಆ ಬಿಯರ್ ಗೇಮ್ ಪೇಪರ್‌ನ ಸ್ಟರ್ಮನ್ ಇಬ್ಬರೂ 2000ದಲ್ಲಿ ಎಂಐಟಿ ವಿದ್ಯಾರ್ಥಿಗಳಿಗೇ ಈ ತೊಟ್ಟಿ ಲೆಕ್ಕ ಕೊಟ್ಟರೆ ಎಷ್ಟೋ ಜನ ತಪ್ಪು ಗ್ರಾಫ್ ಬಿಡಿಸಿದರು. ಹಾಗಿರುವಾಗ ನಮ್ಮೂರ ಪಂಚಾಯಿತಿ ಮೆಂಬರ್‌ಗೆ ಬೋರ್‌ವೆಲ್ ಲೆಕ್ಕ ಹೇಗೆ ಹೇಳೋದು? ಒಳಹರಿವು ಸ್ವಲ್ಪ ಜಾಸ್ತಿ ಆದ ತಕ್ಷಣ "ನೀರು ಬಂತು" ಅಂತ ಮತ್ತೆರಡು ಬೋರ್ ಕೊರೆಸ್ತಾರೆ.

ಖಡಕ್ ಮಾತು
ಇದು ಒಳ್ಳೇ ಮಾತು. ಆದರೆ ಇದನ್ನು ಹೇಳೋಕೆ ನಾರ್ವೆಗೆ ಹೋಗಬೇಕಾ? ನಮ್ಮ ತಾಲ್ಲೂಕಿಗೆ ಬನ್ನಿ.

ಹೆಸರಘಟ್ಟ
ನಾನು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೀನಿ. ಹೇಳ್ತಾನೇ ಇದ್ದೀನಿ. ಯಾರೂ ಕೇಳ್ತಿಲ್ಲ.

ಪ್ರವೀಣೆ
ಒಂದು ಸಣ್ಣ ಪ್ರಶ್ನೆ. ಸಾಫ್ಟ್‌ವೇರ್ ದುಬಾರಿನಾ? ನನ್ನ ತಂಗಿ ಅಗ್ರಿ ಎಂಎಸ್ಸಿ ಓದ್ತಿದ್ದಾಳೆ.

ತರ್ಕ
ವೆನ್‌ಸಿಮ್ ಪಿಎಲ್‌ಇ ಓದುವವರಿಗೆ ಪುಕ್ಕಟೆ. ಇನ್‌ಸೈಟ್ ಮೇಕರ್ ಬ್ರೌಸರ್‌ನಲ್ಲೇ ಓಡುತ್ತದೆ. ಪೈಥಾನ್ ಬಂದರೆ ಪೈಎಸ್‌ಡಿ ನೋಡಲಿ. ಸ್ಟೆಲ್ಲಾಕ್ಕೆ ದುಡ್ಡು ಕೊಡಬೇಕು.

ಇಳಾ
ಮಾಡೆಲ್ ಕಟ್ಟೋಕೆ ಮುಂಚೆ ಎನ್-ರೋಡ್ಸ್ ಆಡಿ ನೋಡಲಿ, ಹವಾಮಾನದ ಸಿಮ್ಯುಲೇಟರ್, 2019ರಲ್ಲಿ ಬಂದಿದ್ದು, ಪುಕ್ಕಟೆ. ಕಲ್ಲಿದ್ದಲಿಗೆ ತೆರಿಗೆ ಹಾಕೋದು, ಗಿಡ ನೆಡೋದು, ಸ್ಕ್ರೀನ್ ಮೇಲೆ ಒಂದೊಂದು ಸ್ಲೈಡರ್ ಎಳೆದರೆ ಉಷ್ಣತೆ ಎಷ್ಟು ಇಳಿಯುತ್ತದೆ ತೋರಿಸುತ್ತದೆ. ಗಿಡ ನೆಡುವ ಸ್ಲೈಡರ್ ಪೂರ್ತಿ ಎಳೆದರೂ ಎಷ್ಟು ಸ್ವಲ್ಪ ಇಳಿಯುತ್ತದೆ ಅಂತ ನೋಡಿ ನಮ್ಮ ಮನೆಯವರಿಗೆ ಬೇಜಾರಾಯಿತು. ಬೆಂಗಳೂರಿನ ಸಿ-ಸ್ಟೆಪ್ ಸಂಶೋಧನಾ ಸಂಸ್ಥೆಯವರು ಭಾರತಕ್ಕೆ ಅಂತ ಸಫಾರಿ ಅನ್ನೋ ಮಾಡೆಲ್ ಮಾಡಿದ್ದಾರೆ, ಅದೂ ಇದೇ ಪದ್ಧತಿಯದ್ದು.

ಸೊಪ್ಪು ಸಾರು
ಬರ್ಗನ್ ಹುಡುಗಿಗೆ ಒಂದು ಪ್ರಶ್ನೆ, ಬರ್ಗನ್‌ನಲ್ಲಿ ಸಸ್ಯಾಹಾರಿಗಳ ಗತಿ?

ಬರ್ಗನ್ ಹುಡುಗಿ
ಬ್ರೆಡ್ಡು, ಆಲೂಗಡ್ಡೆ, ಕಂದು ಚೀಸ್. ಆ ಚೀಸ್ ನಮ್ಮ ಥರದ ಬಾಯಿಗೆ ಒಗ್ಗುತ್ತದೆ, ಸ್ವಲ್ಪ ಸಿಹಿ. ಮನೆಯಿಂದ ಚಟ್ನಿಪುಡಿ ತರಿಸಿಕೊಳ್ಳಿ. ಅಂದ ಹಾಗೆ ಅಲ್ಲಿಗೆ ಓದೋಕೆ ಹೋಗುವ ಯೋಚನೆ ಇದ್ದವರಿಗೆ: ಮೊದಲು ಹೊರದೇಶದವರಿಗೂ ಟ್ಯೂಷನ್ ಫೀಸ್ ಇರಲಿಲ್ಲ. 2023ರಿಂದ ಯುರೋಪಿನ ಹೊರಗಿನವರಿಗೆ ಫೀಸ್ ಹಾಕಿದ್ದಾರೆ. ವಿಚಾರಿಸಿಯೇ ಅರ್ಜಿ ಹಾಕಿ. ಈ ಕಾನ್ಫರೆನ್ಸ್‌ಗೂ ನಾರ್ವೆಗೂ ಹಳೇ ನಂಟು, 1976ರಲ್ಲಿ ಮೊದಲ ಸಲ ಎಲ್ಲ ದೇಶದವರೂ ಸೇರಿದ್ದು ಅಲ್ಲಿನ ಗೈಲೋದಲ್ಲಿ. ಸೊಸೈಟಿ ಹುಟ್ಟಿದ್ದೇ ಆಮೇಲೆ, 1983ರಲ್ಲಿ.

ಮೇಷ್ಟ್ರೇ, ನಿಮ್ಮ ಮಾಡೆಲ್‌ಗೆ ಒಂದು ಪರೀಕ್ಷೆ ಹೇಳ್ತೀನಿ. ವರ್ಕ್‌ಶಾಪ್‌ನಲ್ಲಿ ಕೂತ ತಕ್ಷಣ ಇದನ್ನೇ ಮಾಡಿಸ್ತಾರೆ. ಟೊಮೇಟೊ ದರವನ್ನು ಸೊನ್ನೆ ಮಾಡಿ ಓಡಿಸಿ. ಏನಾಗುತ್ತದೆ?

ದಾವಣಗೆರೆ ಮೇಷ್ಟ್ರು
ಹುಡುಗರು ಈಗಲೇ ಓಡಿಸಿದರು. ದರ ಸೊನ್ನೆ ಆದ ಮೇಲೂ ನಾಟಿ ಪೂರ್ತಿ ನಿಲ್ಲುವುದಿಲ್ಲ. ಇಳಿಯುತ್ತದೆ, ಆದರೆ ಸ್ವಲ್ಪ ನಾಟಿ ನಡೆಯುತ್ತಲೇ ಇರುತ್ತದೆ.

ತರ್ಕ
ಹಾಗಾದರೆ ಮಾಡೆಲ್ ತಪ್ಪು. ಬೆಲೆ ಇಲ್ಲದ ಬೆಳೆ ಯಾರು ಬೆಳೀತಾರೆ?

ಮುಳಬಾಗಿಲು ರೈತ
ನಾವು ಬೆಳೀತೀವಿ! ಹುಡುಗರು ಸರಿಯಾಗೇ ಮಾಡಿದ್ದಾರೆ. ಸಸಿಗೆ ನರ್ಸರಿಯಲ್ಲಿ ಅಡ್ವಾನ್ಸ್ ಕೊಟ್ಟಾಗಿದೆ. ಡ್ರಿಪ್ ಹಾಕಿದೆ, ಮಲ್ಚಿಂಗ್ ಶೀಟ್ ಹಾಸಿದೆ, ಕಡ್ಡಿ ನಿಲ್ಲಿಸಿದೆ. ಮಂಡಿಯವರ ಹತ್ತಿರ ದುಡ್ಡು ತಗೊಂಡಿದ್ದೀವಿ, ಅವರಿಗೆ ಮಾಲು ಹಾಕಲೇಬೇಕು. ಇವತ್ತು ರೇಟ್ ಸೊನ್ನೆ ಅಂತ ಭೂಮಿ ಖಾಲಿ ಬಿಡೋಕಾಗುತ್ತಾ? ರಸ್ತೆಗೆ ಸುರಿಯೋದು ನೋಡಿಲ್ವಾ ನೀವು? ಸುರಿದ ವಾರವೇ ಮತ್ತೆ ಸಸಿ ನೆಟ್ಟವರನ್ನು ತೋರಿಸ್ತೀನಿ ಬನ್ನಿ. ಮುಂದಿನ ಸಲ ರೇಟ್ ಬಂದರೆ ಹಿಂದಿನ ನಷ್ಟ ಎಲ್ಲ ತೀರುತ್ತೆ ಅನ್ನೋ ಲೆಕ್ಕ. ಲಾಟರಿ ಅಂತ ನಮಗೂ ಗೊತ್ತು.

ತರ್ಕ
ಒಂದು ಬೆಳೆಗೆ ಒಪ್ಪಿದೆ. ಎರಡು ವರ್ಷ ಸತತವಾಗಿ ಸೊನ್ನೆ ಇದ್ದರೆ?

ಮುಳಬಾಗಿಲು ರೈತ
ಎರಡು ವರ್ಷ ಅಂದ್ರೆ ಕ್ಯಾಪ್ಸಿಕಂಗೋ ಬೀನ್ಸ್‌ಗೋ ಹೋಗ್ತೀವ್ರಿ. ಅದೇ ಡ್ರಿಪ್ಪು, ಅದೇ ಕಡ್ಡಿ. ಬೇರೆ ಖರ್ಚಿಲ್ಲ.

ತರ್ಕ
ಮೇಷ್ಟ್ರೇ, ಆ ಎರಡನೇ ಬೆಳೆ ಮಾಡೆಲ್‌ನಲ್ಲಿ ಇದೆಯಾ?

ದಾವಣಗೆರೆ ಮೇಷ್ಟ್ರು
ಇಲ್ಲ. ಮಂಡಿ ಸಾಲವೂ ಇಲ್ಲ. ಎರಡನ್ನೂ ಹಾಕಬೇಕು. ಸಾಲವನ್ನು ಒಂದು ಸ್ಟಾಕ್ ಅಂತ, ಅಂದರೆ ತೊಟ್ಟಿ ನೀರಿನ ಹಾಗೆ ತುಂಬಿ ಇಳಿಯುವ ಮೊತ್ತ ಅಂತ ಇಟ್ಟರೆ ನಾಟಿ ಯಾಕೆ ನಿಲ್ಲಲ್ಲ ಅನ್ನೋದು ತಾನಾಗೇ ಬರುತ್ತದೆ ಅನ್ನಿಸ್ತಿದೆ. ಈ ಸಲ ಆನ್‌ಲೈನ್ ರಿಜಿಸ್ಟರ್ ಆಗ್ತೀವಿ, ಹುಡುಗರು ಪೋಸ್ಟರ್ ತೋರಿಸಲಿ. ವಿಮಾನದ ದುಡ್ಡಿನ ಒಂದು ಚೂರಿನಲ್ಲಿ ಹುಡುಗರು ಮೂವರೂ ಕೋಲಾರಕ್ಕೆ ಹೋಗಿ ಬರಬಹುದು. ದಿನದ ದರ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಸಾಲದ ಲೆಕ್ಕ ಎಲ್ಲೂ ಸಿಗಲ್ಲ. ಸರ್, ಹುಡುಗರನ್ನು ಭಾನುವಾರ ಕಳಿಸಲಾ?

ಬರ್ಗನ್ ಹುಡುಗಿ
ಇದಕ್ಕೇ ಕಾನ್ಫರೆನ್ಸ್‌ನಲ್ಲಿ ಗ್ರೂಪ್ ಮಾಡೆಲ್ ಬಿಲ್ಡಿಂಗ್, ಅಂದರೆ ಸಮಸ್ಯೆ ಬಲ್ಲವರನ್ನೇ ಜೊತೆಗೆ ಕೂರಿಸಿಕೊಂಡು ಮಾಡೆಲ್ ಕಟ್ಟೋದು ಅಂತ ದೊಡ್ಡ ದೊಡ್ಡ ಸೆಷನ್ ಮಾಡ್ತಾರೆ. ನೀವು ಇಲ್ಲೇ ಮುಗಿಸಿಬಿಟ್ಟಿರಿ. ಆದರೂ ವರ್ಕ್‌ಶಾಪ್‌ಗೆ ಹೆಸರು ಕೊಡಿ, ಸಾಲದ ಸ್ಟಾಕ್‌ಗೆ ಯೂನಿಟ್ ತಪ್ಪಿದರೆ ಅಲ್ಲಿ ಹಿಡೀತಾರೆ.

ಮುಳಬಾಗಿಲು ರೈತ
ಭಾನುವಾರ ಬೇಡ, ವಾರದ ದಿನ ಬರಲಿ. ಹರಾಜು ಬೆಳಗ್ಗೆ ಶುರು, ಹಿಂದಿನ ರಾತ್ರಿಯೇ ಬಂದು ನಮ್ಮನೇಲಿ ಉಳಿದುಕೊಳ್ಳಲಿ. ಲ್ಯಾಪ್‌ಟಾಪ್ ತರೋದು ಬೇಡ, ಧೂಳು. ಸಾಲದ ಲೆಕ್ಕ ನಾನು ಹೇಳ್ತೀನಿ, ಮಂಡಿಯವರ ಎದುರಿಗೆ ಕೇಳಬೇಡಿ ಅಂತ ಹುಡುಗರಿಗೆ ಹೇಳಿ ಕಳಿಸಿ.

ಅಡಿಕೆ ಭಟ್ಟ
ಅದು ಮುಗಿದ ಮೇಲೆ ಅಡಿಕೆ. ನಾನು ಕಾಯ್ತಾ ಇದ್ದೀನಿ.